ಊರವರ ರಜೆಗೆ ಹಾಲು ಕರೆದವನು

ಶಿಕನಾಯ್ ಮೊರಿಯೊ ಕೆಲಸಕ್ಕೆ ಬಂದಿದ್ದಾನೆಂದರೆ ಆ ಮನೆಯಲ್ಲಿ ಯಾರೂ ಇಲ್ಲ ಎಂದೇ ಅರ್ಥ. ಮದುವೆಗೋ, ಸಾವಿಗೋ, ಬಿಸಿನೀರಿನ ಬುಗ್ಗೆಗೋ ಮನೆಮಂದಿಯೆಲ್ಲ ಹೊರಟುಹೋಗಿರುತ್ತಿದ್ದರು. ಹಸುಗಳಿಗೆ ಮದುವೆ ಗೊತ್ತಿಲ್ಲ, ಸಾವು ಗೊತ್ತಿಲ್ಲ. ಬೆಳಿಗ್ಗೆ ಐದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಕೆಚ್ಚಲು ತುಂಬಿಕೊಂಡು ನಿಂತೇ ನಿಲ್ಲುತ್ತವೆ. ಆ ಹಾಲು ಕರೆಯಲು ರೈತರ ಸಂಘದವರು ಕಳಿಸುತ್ತಿದ್ದ ಬದಲಿ ಆಳು ಅವನು. ಉತ್ತರದ ಹೊಕ್ಕೈದೋ ದ್ವೀಪದ ಬೆತ್ಸುಕಾಯ್ ಬಯಲಿನಲ್ಲಿ ಮೂವತ್ತೊಂದು ವರ್ಷ ಅದೊಂದೇ ಕೆಲಸ ಮಾಡಿದ.

ನಾನು ಕಾಕುತಾ, ಹಾಲಿನ ಟ್ಯಾಂಕರ್ ಓಡಿಸುವವನು. ದಿನ ಬಿಟ್ಟು ದಿನ ಒಂದೊಂದು ಕೊಟ್ಟಿಗೆಗೆ ಹೋಗಿ, ತಣ್ಣಗಿನ ತೊಟ್ಟಿಗೆ ಕೊಳವೆ ಸಿಕ್ಕಿಸಿ, ಹಾಲು ಎಳೆದುಕೊಂಡು ಬೆಣ್ಣೆ ಮತ್ತು ಹಾಲಿನ ಪುಡಿಯ ಕಾರ್ಖಾನೆಗೆ ಒಯ್ಯುತ್ತೇನೆ. ನಮ್ಮಲ್ಲಿ ಮನುಷ್ಯರಿಗಿಂತ ಹಸುಗಳೇ ಎಷ್ಟೋ ಪಟ್ಟು ಹೆಚ್ಚು. ಒಂದು ಮನೆಯಿಂದ ಇನ್ನೊಂದು ಮನೆಗೆ ಎರಡು ಮೂರು ಕಿಲೋಮೀಟರ್. ಹಾಗಾಗಿ ದಿನವಿಡೀ ನಾನು ಮಾತಾಡುತ್ತಿದ್ದುದೇ ನಾಲ್ಕೈದು ಜನರ ಜೊತೆ. ಅವರಲ್ಲಿ ಶಿಕನಾಯ್ ಒಬ್ಬ. ಇವತ್ತು ಈ ಕೊಟ್ಟಿಗೆಯಲ್ಲಿ ಸಿಕ್ಕರೆ ಮಾರನೆಯ ವಾರ ಇನ್ನೆಲ್ಲೋ ಸಿಗುತ್ತಿದ್ದ. ಕುಳ್ಳು, ಅಗಲ ಹೆಗಲು, ಚಳಿಗೆ ಸದಾ ಕೆಂಪಾಗಿರುವ ಕಿವಿ. ಮಾತು ಕಡಿಮೆ. ಆಡಿದರೆ ಹಸುಗಳ ಮಾತು.

ಅವನ ಅಪ್ಪನಿಗೂ ನಲವತ್ತು ಹಸುಗಳಿದ್ದವು. ಅವನಿಗೆ ಇಪ್ಪತ್ತು ತುಂಬಿದ ವರ್ಷ ಅಪ್ಪ ಹುಲ್ಲಟ್ಟದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ನವೆಂಬರಿನ ಒಂದು ಬೆಳಿಗ್ಗೆ ಮೂರು ಲಾರಿ ಬಂದು ನಲವತ್ತನ್ನೂ ತುಂಬಿಕೊಂಡು ಹೋದವು. ಅಪ್ಪ ಅಮ್ಮ ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಅಕ್ಕ ಸುಮಿಯೆ ಕಡಲು ದಾಟಿ ಆವೊಮೊರಿಯ ಕಡೆ ಒಂದು ಮೊಟ್ಟೆ ಫಾರಂ ಸೇರಿದಳು. ಶಿಕನಾಯ್ ಸಂಘಕ್ಕೆ ಹೋಗಿ, "ಹಾಲು ಕರೆಯೋದು ಬಿಟ್ರೆ ನಂಗೇನೂ ಬರಲ್ಲ" ಅಂದನಂತೆ. ಅವರು ಅದೇ ಬೇಕಿತ್ತು ಅಂದರಂತೆ. ಕೆಲವು ವರ್ಷಗಳಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಆ ಎರಡು ಕೋಣೆ ಅವನೊಬ್ಬನದಾಯಿತು.

ಪ್ರತಿ ಕೊಟ್ಟಿಗೆಯಲ್ಲೂ ಮನೆಯವರು ಅವನಿಗಾಗಿ ಹಲಗೆಯ ಮೇಲೆ ಬರೆದಿಟ್ಟು ಹೋಗಿರುತ್ತಿದ್ದರು. 'ಆರನೇದು ಒದೆಯುತ್ತೆ, ಎಡಗಡೆಯಿಂದ ಹೋಗಿ. ಹನ್ನೊಂದರ ಹಾಲು ತೊಟ್ಟಿಗೆ ಹಾಕಬೇಡಿ, ಔಷಧಿ ನಡೀತಿದೆ. ಕುಕ್ಕರಿನಲ್ಲಿ ಅನ್ನ ಇದೆ, ಒಳಗೆ ಕೂತು ಉಣ್ಣಿ.' ಕೆಳಗೆ ಅವನ ಉತ್ತರ: 'ಆರನೇದು ಒದೆಯಲಿಲ್ಲ.' ಎಷ್ಟೋ ಮನೆಯವರಿಗೂ ಅವನಿಗೂ ಹೀಗೆ ಹಲಗೆಯ ಮೇಲೆಯೇ ವರ್ಷಗಟ್ಟಲೆ ಮಾತು ನಡೆಯಿತು. ಮುಖ ನೋಡಿದ್ದು ಕಡಿಮೆ.

ಒಳಗೆ ಕೂತು ಮಾತ್ರ ಅವನು ಉಂಡವನಲ್ಲ. ಹಾಲಿನ ಕೋಣೆಯಲ್ಲಿ ಬಕೆಟ್ ಮಗುಚಿ ಹಾಕಿಕೊಂಡು, ಮನೆಯಿಂದ ತಂದ ಉಪ್ಪುಮೀನಿನ ಅನ್ನದುಂಡೆ ತಿನ್ನುತ್ತಿದ್ದ. ಒಮ್ಮೆ ಕೇಳಿದೆ.

"ಅಲ್ಲ ಮಾರಾಯ, ಹೊರಗೆ ಮೈನಸ್ ಇಪ್ಪತ್ತು. ಒಳಗೆ ಸ್ಟವ್ ಉರೀತಿದೆ. ಅವರೇ ಹೋಗು ಅಂತ ಬರೆದಿದಾರೆ. ನಿಂಗೇನು ದೊಡ್ಡಸ್ತಿಕೆ?"

"ದೊಡ್ಡಸ್ತಿಕೆ ಅಲ್ಲ ಕಣೋ. ಗೋಡೆ ತುಂಬಾ ಅವರ ಮಕ್ಕಳ ಫೋಟೋ. ಎಲ್ಲಾ ನನ್ನೇ ನೋಡ್ತಾವೆ. ತುತ್ತು ಇಳಿಯಲ್ಲ."

"ಹಸುಗಳು ನೋಡಲ್ವಾ?"

"ಅವು ನಾನು ಉಣ್ಣೋದನ್ನ ನೋಡಲ್ಲ. ತಮ್ಮ ಮೇವು ಯಾವಾಗ ಅಂತ ನೋಡ್ತವೆ."

ಅಕ್ಕ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದಳು. ಒಂದನ್ನು ನನಗೆ ಓದಿ ಹೇಳಿದ್ದ. ಅವಳ ಶೆಡ್ಡಿನಲ್ಲಿ ಒಂದರ ಮೇಲೊಂದು ಆರು ಅಂತಸ್ತಿನ ಪಂಜರ, ಎಂಬತ್ತು ಸಾವಿರ ಕೋಳಿ. ಮೊಟ್ಟೆ ತಾನಾಗಿ ಪಟ್ಟಿಯ ಮೇಲೆ ಉರುಳಿ ಬರುತ್ತದೆ. ಒಡೆದದ್ದನ್ನು ಆರಿಸುವುದು, ಸತ್ತ ಕೋಳಿಗಳನ್ನು ತೆಗೆಯುವುದು ಅವಳ ಕೆಲಸ. ಒಂದೂವರೆ ವರ್ಷಕ್ಕೆ ಹಳೆಯವನ್ನೆಲ್ಲ ಒಯ್ದು ಹೊಸವನ್ನು ತುಂಬುತ್ತಾರಂತೆ. 'ನಿನ್ನ ಹಸುಗಳಿಗಾದರೂ ಒಂದೊಂದು ನಂಬರಿದೆ. ನನಗೆ ಇಲ್ಲಿ ಒಂದು ಕೋಳಿಯೂ ಗುರುತಿಲ್ಲ, ಒಂದಕ್ಕೂ ನನ್ನ ಗುರುತಿಲ್ಲ' ಎಂದು ಬರೆದಿದ್ದಳು. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು, "ಪಾಪ, ಅವಳಿಗೆ ಮಾತಾಡೋಕೆ ಇಷ್ಟ" ಎಂದಷ್ಟೇ ಅಂದ.

ಅವನಿಗೆ ನಲವತ್ತಾದಾಗ ಚಿಗುಸಾ ಬಂದಳು. ತೋಕಿಯೋ ಆಚೆಯ ಓಮಿಯಾದಲ್ಲಿ ದೊಡ್ಡ ಅಂಗಡಿಯೊಂದರ ಉಪ್ಪಿನಕಾಯಿ ಕೌಂಟರಿನಲ್ಲಿ ನಿಂತು ಬೇಸತ್ತವಳು. ಇಪ್ಪತ್ತೆಂಟು ವರ್ಷ. ಬದಲಿ ಆಳು ಬೇಕೆಂಬ ಸಂಘದ ಜಾಹೀರಾತು ನೋಡಿ, ಹಸುವನ್ನು ಮುಟ್ಟಿಯೂ ನೋಡದೆ ಬಂದುಬಿಟ್ಟಿದ್ದಳು. ಕೆಲಸ ಕಲಿಸುವುದು ಶಿಕನಾಯ್ ಪಾಲಿಗೆ ಬಿತ್ತು. ಮೊದಲ ವಾರವೇ ನಾನು ಕೊಳವೆ ಸುತ್ತುತ್ತ ಕೇಳಿಸಿಕೊಂಡೆ:

"ಮೇಷ್ಟ್ರೇ, ಇದು ನನ್ನ ಕಂಡ್ರೆ ಬಾಲದಲ್ಲಿ ಹೊಡೆಯುತ್ತೆ!"

"ನೀನು ಕಳ್ಳೀ ಹಾಗೆ ಹಿಂದಿಂದ ಬರ್ತೀಯ, ಅದಕ್ಕೆ. ಬರ್ತಿದೀನಿ ಅಂತ ಹೇಳ್ಕೊಂಡು ಬಾ."

"ಏನಂತ ಹೇಳ್ಲಿ?"

"ಏನಾದ್ರೂ. ಅಂಗಡೀಲಿ ಏನಂತಿದ್ದೆ?"

"ಬನ್ನಿ ಬನ್ನಿ, ಇವತ್ತಿನ ಮೂಲಂಗಿ ಚೆನ್ನಾಗಿದೆ, ರುಚಿ ನೋಡಿ ಅಂತಿದ್ದೆ."

"ಅದನ್ನೇ ಹೇಳು."

ಅವಳು ಗಟ್ಟಿಯಾಗಿ ಹಾಗೇ ಕೂಗಿಕೊಂಡು ಹಸುವಿನ ಪಕ್ಕ ಹೋದಳು. ಹಸು ಕಿವಿ ತಿರುಗಿಸಿ ಸುಮ್ಮನೆ ನಿಂತಿತು. ಶಿಕನಾಯ್ ನಕ್ಕಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಎರಡು ವರ್ಷ ಇಬ್ಬರೂ ಒಂದೇ ವ್ಯಾನಿನಲ್ಲಿ ಮನೆಯಿಂದ ಮನೆಗೆ ತಿರುಗಿದರು. ಆ ಎರಡು ವರ್ಷ ಹಾಲಿನ ಕೋಣೆಯಲ್ಲಿ ಎರಡು ಬಕೆಟ್ ಮಗುಚಿರುತ್ತಿದ್ದವು. ಅವಳು ಊರಿಂದ ತರಿಸಿದ ಉಪ್ಪಿನಕಾಯಿ ತಿಂದು ಅವನು ಮೂಗು ಮುರಿಯುತ್ತಿದ್ದ, ಮತ್ತೆ ಕೈ ಚಾಚುತ್ತಿದ್ದ.

ಅವರು ಹೋಗುತ್ತಿದ್ದ ಮನೆಗಳಲ್ಲಿ ತೊಮಾಬೆಚಿಯವರದೂ ಒಂದು. ಯಜಮಾನ, ಅವನ ಹೆಂಡತಿ, ಮಗ ಯೂಸಾಕು, ಐವತ್ತೆಂಟು ಹಸು. ಎರಡನೆಯ ವರ್ಷದ ಶರತ್ಕಾಲದಲ್ಲಿ ಚಿಗುಸಾ ಯೂಸಾಕುವನ್ನು ಮದುವೆಯಾಗುತ್ತಾಳಂತೆ ಎಂಬ ಸುದ್ದಿ ಬಂತು. ಊರಿಗೆಲ್ಲ ಖುಷಿ. ಹೊರಗಿನಿಂದ ಒಬ್ಬಳು ಹೆಣ್ಣು ಬಂದು ಕೊಟ್ಟಿಗೆಗೆ ನಿಲ್ಲುತ್ತಾಳೆ ಎಂದರೆ ನಮ್ಮ ಕಡೆ ಅದು ಹಬ್ಬ.

ಮದುವೆ ನಕಾಶಿಬೆತ್ಸುವಿನ ಹೋಟೆಲಿನಲ್ಲಿ. ಆ ದಿನ ನನ್ನ ಸರದಿ ತೊಮಾಬೆಚಿಯವರ ಕೊಟ್ಟಿಗೆಗಿತ್ತು. ಅಂಗಳದಲ್ಲಿ ಸಂಘದ ವ್ಯಾನು ನಿಂತಿತ್ತು. ಒಳಗೆ ಶಿಕನಾಯ್ ಒಬ್ಬನೇ ಹಾಲಿನ ಯಂತ್ರ ತೊಳೆಯುತ್ತಿದ್ದ.

"ನಿನ್ನನ್ನ ಮದುವೆಗೆ ಕರೀಲಿಲ್ವಾ?" ಎಂದೆ. ಬಾಯಿ ತಪ್ಪಿ ಬಂದ ಮಾತು.

"ಕರೆದ್ರು. ಎಲ್ರೂ ಹೋದ್ರೆ ಇವನ್ನ ಯಾರು ಕರೀತಾರೆ? ಸಂಘದಲ್ಲಿ ಬೇರೆ ಯಾರೂ ಖಾಲಿ ಇರ್ಲಿಲ್ಲ."

ಹಲಗೆಯ ಮೇಲೆ ಚಿಗುಸಾಳ ಅಕ್ಷರ. 'ಮೇಷ್ಟ್ರೇ, ನೀವಿದ್ದೀರಂತ ಇವತ್ತು ನೆಮ್ಮದಿಯಿಂದ ಹೋಗ್ತಿದೀನಿ.' ಅದರ ಕೆಳಗೆ ಅವನು ಇನ್ನೂ ಏನೂ ಬರೆದಿರಲಿಲ್ಲ. ಸಂಜೆ ಪಕ್ಕದ ಫಾರಮ್ಮಿನವರು ಹೋಟೆಲಿನಿಂದ ಬರುವಾಗ ಅವನಿಗೆಂದು ಮದುವೆಯೂಟದ ಕೆಂಪನ್ನ, ಇಡೀ ಮೀನು ಕಟ್ಟಿಸಿಕೊಂಡು ಬಂದು ಕೊಟ್ಟರಂತೆ. ತಿಂದನೋ, ಕೊಟ್ಟಿಗೆಯ ಬೆಕ್ಕಿಗೆ ಹಾಕಿದನೋ, ನಾನು ಕೇಳಲಿಲ್ಲ.

ಆಮೇಲೆ ಒಂಬತ್ತು ವರ್ಷ ತಿಂಗಳಿಗೆರಡು ದಿನ ಅವನು ಆ ಕೊಟ್ಟಿಗೆಗೂ ಹೋಗುತ್ತಿದ್ದ, ಉಳಿದ ಕೊಟ್ಟಿಗೆಗಳಿಗೆ ಹೋದಂತೆಯೇ. ಅವಳು ಮನೆಯಲ್ಲಿ ಇಲ್ಲದ ದಿನಗಳಲ್ಲಿ ಮಾತ್ರ. ಹಾಗಾಗಿ ಅವರಿಬ್ಬರೂ ಹೆಚ್ಚುಕಮ್ಮಿ ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ. ಅವಳ ಹೊಟ್ಟೆ ದೊಡ್ಡದಾದದ್ದನ್ನು, ಮಗಳು ಹುಟ್ಟಿದ್ದನ್ನು ಅವನು ಹಲಗೆಯಿಂದ ತಿಳಿದ. 'ಮುಂದಿನ ತಿಂಗಳು ಆಸ್ಪತ್ರೆಗೆ, ನಾಲ್ಕು ದಿನ ಬೇಕು ಮೇಷ್ಟ್ರೇ.' ಕೆಳಗೆ: 'ಆಗಲಿ. ಇಪ್ಪತ್ತೆರಡನೇದು ಗಬ್ಬ ನಿಂತಿದೆ.'

ಸಂಘಕ್ಕೆ ಹೊಸ ಆಳುಗಳು ಸಿಗುವುದು ನಿಂತುಹೋಯಿತು. ಬಂದವರು ಆರು ತಿಂಗಳಿಗೆ ಹೊರಡುತ್ತಿದ್ದರು. ಶಿಕನಾಯ್ ತಿಂಗಳಿಗೆ ಇಪ್ಪತ್ತಾರು ದಿನ ಕೆಲಸ ಮಾಡುತ್ತಿದ್ದ.

ಚಿಗುಸಾಳ ಮದುವೆಯಾಗಿ ಒಂಬತ್ತನೆಯ ವರ್ಷ ಸೆಪ್ಟೆಂಬರಿನಲ್ಲಿ ಭೂಕಂಪವಾಯಿತು. ನೆಲ ಬಿರಿದದ್ದು ದೂರದಲ್ಲಿ; ನಮ್ಮಲ್ಲಿ ಪಾತ್ರೆ ಅಲುಗಿದ್ದಷ್ಟೇ. ಆದರೆ ಬೆಳಗಾಗುವ ಹೊತ್ತಿಗೆ ಹೊಕ್ಕೈದೋ ಉದ್ದಗಲಕ್ಕೂ ಕರೆಂಟು ಹೋಗಿತ್ತು. ಕಾರ್ಖಾನೆ ನಿಂತಿತು. ಲಾರಿ ತೆಗೆಯಬೇಡ ಎಂದು ನನಗೆ ಹೇಳಿದರು. ಹಾಲು ಕರೆಯುವ ಯಂತ್ರ, ಹಾಲು ತಂಪಿಡುವ ತೊಟ್ಟಿ, ನೀರೆತ್ತುವ ಪಂಪು, ಎಲ್ಲ ಸತ್ತಂತೆ ಬಿದ್ದವು. ಜನರೇಟರ್ ಇದ್ದವರು ಒಂದು ಮನೆಯಲ್ಲಿ ಕರೆದು ಮುಗಿಸಿ, ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಇನ್ನೊಂದು ಮನೆಗೆ ಓಡುತ್ತಿದ್ದರು.

ತೊಮಾಬೆಚಿ ಯಜಮಾನನಿಗೆ ಸಪ್ಪೊರೊದಲ್ಲಿ ಹೃದಯದ ಆಪರೇಷನ್ನು. ಮನೆಮಂದಿಯೆಲ್ಲ ಹಿಂದಿನ ದಿನವೇ ಹೋಗಿದ್ದು ನನಗೆ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಸಣ್ಣ ಕಾರು ತೆಗೆದುಕೊಂಡು ಆ ಕಡೆ ಹೋದೆ. ದೂರದಿಂದಲೇ ಹಸುಗಳ ಕೂಗು ಕೇಳಿಸಿತು. ಹಸಿವಿನ ಕೂಗಲ್ಲ, ಕೆಚ್ಚಲು ಬಿಗಿದು ನೋವಿನಿಂದ ಬರುವ ಕೂಗು. ಕೊಟ್ಟಿಗೆಯ ಆ ತುದಿಯಲ್ಲಿ, ಒಂದು ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಶಿಕನಾಯ್ ಕುಕ್ಕರಗಾಲಿನಲ್ಲಿ ಕೂತಿದ್ದ.

"ಯಾರದು?"

"ನಾನು, ಕಾಕುತಾ. ಲಾರಿ ನಿಲ್ಸಿದಾರೆ."

"ಒಳ್ಳೇದಾಯ್ತು. ಬಕೆಟ್ ತಗೋ. ಕೈಯಲ್ಲಿ ಕರೆಯೋಕೆ ಬರುತ್ತಾ?"

"ಚಿಕ್ಕಂದಿನಲ್ಲಿ ಅಜ್ಜನ ಮೇಕೆ ಕರೆದಿದ್ದೆ."

"ಮೇಕೆಗೆ ಎರಡು ಮೊಲೆ, ಇದಕ್ಕೆ ನಾಲ್ಕು. ಎರಡು ಕರೆದು ಎದ್ದುಬಿಡಬೇಡ."

ಬೆಳಿಗ್ಗೆ ನಾಲ್ಕೂವರೆಯಿಂದ ಅವನು ಕರೆಯುತ್ತಲೇ ಇದ್ದ. ಜೊತೆಗೆ ಬರಬೇಕಾದ ಆಳು ಬೆನ್ನುನೋವೆಂದು ಮಲಗಿದ್ದ. ಈ ಹಸುಗಳೆಲ್ಲ ಯಂತ್ರಕ್ಕೆಂದೇ ಸಾಕಿದವು. ದಿನಕ್ಕೆ ಮೂವತ್ತು ಲೀಟರು ಕೊಡುವ ಕೆಚ್ಚಲು, ಬೆರಳಿಗೆ ಸಿಗದಷ್ಟು ಗಿಡ್ಡ ಮೊಲೆ. ಪೂರ್ತಿ ಕರೆಯುವ ಮಾತೇ ಇಲ್ಲ. ಒಂದೊಂದಕ್ಕೂ ಬಿಗಿ ಸಡಿಲಾಗುವಷ್ಟು ಕರೆದು ಮುಂದಕ್ಕೆ ಹೋಗಬೇಕು. ಕೊನೆಯದು ಮುಗಿಯುವ ಹೊತ್ತಿಗೆ ಮೊದಲಿನದು ಮತ್ತೆ ಬಿಗಿದಿರುತ್ತಿತ್ತು. ಕರೆದ ಹಾಲನ್ನೆಲ್ಲ ಸಗಣಿಯ ಚರಂಡಿಗೆ ಸುರಿದೆವು. ಇಪ್ಪತ್ತು ವರ್ಷ ಹಾಲು ಹೊತ್ತವನು ನಾನು, ಅದನ್ನು ನೋಡಲಾರದೆ ನೀರು ತರುತ್ತೇನೆಂದು ಹೇಳಿ ಹಳ್ಳಕ್ಕೆ ಹೋದೆ. ಡ್ರಮ್ಮುಗಳಲ್ಲಿ ತಂದು ತಂದು ಐವತ್ತೆಂಟು ಬಾಯಿಗೆ ನೀರಿಟ್ಟೆ.

ಮಾರನೆಯ ದಿನ ಮಧ್ಯಾಹ್ನವೂ ಅಲ್ಲೇ ಇದ್ದೆವು. ಎದುರುಬದುರು ಎರಡು ಹಸುಗಳ ಕೆಳಗೆ ಕೂತಿದ್ದೆವು. ಅವನ ಮುಖ ನನಗೆ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ಕೇಳುವ ಧೈರ್ಯ ಬಂತು.

"ಶಿಕನಾಯ್, ಚಿಗುಸಾನ ಯಾವತ್ತಾದ್ರೂ ಕೇಳಿದ್ಯೇನೋ ನೀನು?"

ಬಕೆಟ್ಟಿಗೆ ಹಾಲು ಬೀಳುವ ಸದ್ದು ಹಾಗೇ ನಡೆದಿತ್ತು.

"ಕೇಳ್ಬೇಕು ಅಂದ್ಕೊಂಡಿದ್ದೆ. ಆ ತಿಂಗಳು ನಂಗೆ ಒಂದು ದಿನಾನೂ ಬಿಡದೆ ಕೆಲಸ ಹಾಕಿದ್ರು."

"ಇಬ್ರೂ ಒಂದೇ ವ್ಯಾನಲ್ಲಿ ತಿರುಗ್ತಿದ್ರಲ್ಲೋ!"

"ಕೊಟ್ಟಿಗೆ ಬಟ್ಟೆ ಹಾಕ್ಕೊಂಡು ಕೇಳೋ ಮಾತಾ ಅದು? ಒಂದು ದಿನ ಸ್ನಾನ ಮಾಡಿ, ಒಳ್ಳೆ ಬಟ್ಟೆ ಹಾಕ್ಕೊಂಡು ಕೇಳಬೇಕು ಅಂತ." ಬಕೆಟ್ ಸರಿಸಿಕೊಂಡು ಹೇಳಿದ: "ಯೂಸಾಕು ಅದೇ ತಿಂಗಳು ಎರಡು ದಿನ ರಜೆ ಹಾಕಿದ. ಅವಳಿಗೂ ಅವತ್ತೇ ರಜೆ. ಇಬ್ರೂ ಅಕಾನ್ ಕೆರೆಗೆ ಹೋಗಿದ್ರು. ಆ ಎರಡು ದಿನ ಇಲ್ಲಿ ಕರೆದೋನು ನಾನೇ."

ನಾನು ಮುಂದಿನ ಮೊಲೆಗೆ ಕೈ ಹಾಕಿದೆ. ಅವನೇ, "ಆ ಹಸು ನಿನ್ನ ಬಕೆಟ್ ಒದೀತಾ ಇದೆ, ನೋಡ್ಕೋ" ಎಂದ.

ಸ್ವಲ್ಪ ಹೊತ್ತಿನಲ್ಲೇ ಪಕ್ಕದವರ ಟ್ರ್ಯಾಕ್ಟರು ಜನರೇಟರು ಎಳೆದುಕೊಂಡು ಬಂತು. ಯಂತ್ರದ ಟಕ್ ಟಕ್ ಶುರುವಾದಾಗ ಹಸುಗಳು ಒಂದೊಂದಾಗಿ ಕೂಗು ನಿಲ್ಲಿಸಿದವು. ಶಿಕನಾಯ್ ಎದ್ದು ನಿಲ್ಲಲು ಹೋಗಿ ಕಂಬ ಹಿಡಿದುಕೊಂಡ. ಬೆರಳುಗಳು ಮುಷ್ಟಿಯ ಹಾಗೆ ಮಡಚಿಕೊಂಡಿದ್ದವು, ಬಿಡಿಸಿಕೊಳ್ಳುತ್ತಿರಲಿಲ್ಲ.

ಸಂಜೆಗೆ ಚಿಗುಸಾ ಒಬ್ಬಳೇ ಕಾರು ಓಡಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಸಿಗ್ನಲ್ ದೀಪಗಳಿಲ್ಲ, ಪೆಟ್ರೋಲಿಗೆ ಸಾಲು ನಿಂತು ಒಂಬತ್ತು ಗಂಟೆ ಹಿಡಿಯಿತಂತೆ. ನೇರ ಕೊಟ್ಟಿಗೆಗೆ ನುಗ್ಗಿ, ಈ ತುದಿಯಿಂದ ಆ ತುದಿಯವರೆಗೆ ಎಣಿಸುತ್ತ ಹೋದಳು. ತಿರುಗಿ ಬಂದು ಅವನ ಕೈ ನೋಡಿದಳು.

"ಮೇಷ್ಟ್ರೇ, ಕೈ ಏನಾಗಿದೆ?"

"ಏನಿಲ್ಲ. ಹದಿನಾಲ್ಕರ ಬಲಗಡೆ ಹಿಂದಿನ ಮೊಲೆ ಬಾತಿದೆ. ಜ್ವರ ಇದೆ. ಡಾಕ್ಟ್ರಿಗೆ ಹೇಳು."

"ನಾನು ಕೇಳಿದ್ದು ನಿಮ್ಮ ಕೈ."

"ಇಪ್ಪತ್ತರದ್ದೂ ಒಂದ್ಸಲ ನೋಡಿಸು."

ಅವಳು ಅಲ್ಲೇ ನಿಂತು ಅತ್ತಳು. ಅವನು ಎಲ್ಲಿ ನೋಡಬೇಕೆಂದು ತಿಳಿಯದೆ ಹಸುಗಳ ಕಡೆ ತಿರುಗಿಕೊಂಡ. ಹದಿನಾಲ್ಕನೇದು ಉಳಿಯಲಿಲ್ಲ, ವಾರದಲ್ಲಿ ಲಾರಿ ಬಂದು ಒಯ್ದಿತು. ಉಳಿದ ಐವತ್ತೇಳು ಬದುಕಿದವು.

ಅವನ ಕೈ ಮಾತ್ರ ಮೊದಲಿನಂತಾಗಲಿಲ್ಲ. ಎರಡು ಸಲ ಕೊಯ್ದು ನೋಡಿದರು. ಹಸುವಿನ ಕಾಲಿನ ಕೆಳಗೆ ಕೈ ಹಾಕುವವನಿಗೆ ಬೆರಳು ಮರಗಟ್ಟಿದರೆ ಆಗದು. ಸಂಘದವರು ಒಂದು ಹೂಗುಚ್ಛ ಕೊಟ್ಟು ಬಿಡುಗಡೆ ಮಾಡಿದರು. ಒಂದು ತಿಂಗಳು ಮನೆಯಲ್ಲಿದ್ದ. ಒಂದು ಬೆಳಿಗ್ಗೆ ನಾಲ್ಕೂವರೆಗೆ ಅವನ ಬೀದಿಯಲ್ಲಿ ಹೋಗುವಾಗ ನೋಡಿದೆ: ಗಂಬೂಟು ಹಾಕಿಕೊಂಡು, ಬಾಗಿಲ ಮುಂದೆ ಸುಮ್ಮನೆ ನಿಂತಿದ್ದ. ಬ್ರೇಕು ಹಾಕಿದೆ. "ನಿದ್ದೆ ಬರಲ್ಲ, ಹೋಗು ನೀನು" ಎಂದು ಕೈ ಬೀಸಿದ.

ಆಮೇಲೆ ಕರುಗಳ ಸಂತೆಯಲ್ಲಿ ಕೆಲಸ ಸಿಕ್ಕಿತು. ವಾರಕ್ಕೆರಡು ದಿನ. ಹಾಲಿನ ಹಸುವಿಗೆ ಹುಟ್ಟಿದ ಹೋರಿಗರು ಮನೆಯಲ್ಲಿ ಉಳಿಯುವುದಿಲ್ಲ. ಒಂದೆರಡು ವಾರಕ್ಕೆ ಬೆನ್ನಿಗೆ ನಂಬರು ಅಂಟಿಸಿ ಸಂತೆಗೆ ತರುತ್ತಾರೆ, ಅಲ್ಲಿಂದ ಮಾಂಸಕ್ಕೆ ಬೆಳೆಸುವವರ ಶೆಡ್ಡಿಗೆ. ಶಿಕನಾಯ್ ಒಂದೊಂದನ್ನೇ ಹಗ್ಗ ಹಿಡಿದು ಹರಾಜು ಕೂಗುವವನ ಮುಂದೆ ನಡೆಸಿ, ಆಚೆ ಬಾಗಿಲಿಗೆ ದಾಟಿಸಿ ಬರಬೇಕು. ಒಂದು ಕರುವಿಗೆ ಅರ್ಧ ನಿಮಿಷ. ಅವು ಅವನ ಬೆರಳು ಚೀಪುತ್ತ ಬರುತ್ತಿದ್ದವು. "ಚೀಪೋದು ಗೊತ್ತಾಗುತ್ತಾ?" ಎಂದು ಒಮ್ಮೆ ಕೇಳಿದೆ. "ಬೆಚ್ಚಗಿರೋದು ಗೊತ್ತಾಗುತ್ತೆ" ಅಂದ.

ಭೂಕಂಪವಾದ ಮೂರನೆಯ ವರ್ಷ ಹೊಸ ವರ್ಷದ ಹಬ್ಬಕ್ಕೆ ಚಿಗುಸಾ ಅವನನ್ನು ಊಟಕ್ಕೆ ಕರೆದಳು. ಬರುವುದಿಲ್ಲ ಅಂದವನನ್ನು, "ನೀವು ಬರ್ದಿದ್ರೆ ನಾನೇ ಬಂದು ಹಗ್ಗ ಹಾಕಿ ಎಳ್ಕೊಂಡು ಹೋಗ್ತೀನಿ ಮೇಷ್ಟ್ರೇ" ಎಂದು ಫೋನಿನಲ್ಲಿ ಬೈದಳಂತೆ. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅಕ್ಕಿ ಕುಟ್ಟಿ ಮಾಡಿದ ಮೋಚಿ ಉಂಡೆ ಹಾಕಿದ ಬಿಸಿ ಸಾರು, ಮೂಲಂಗಿ ಉಪ್ಪಿನಕಾಯಿ, ಯೂಸಾಕು ಸುರಿಯುತ್ತಿದ್ದ ಸಾಕೆ ಮದ್ಯ. ಎಲ್ಲರೂ ಒಳ್ಳೆಯವರೇ. ಚೇತರಿಸಿಕೊಂಡಿದ್ದ ಯಜಮಾನ ಎರಡು ಸಲ ತಲೆ ಬಾಗಿಸಿ ಉಪಕಾರ ನೆನೆದ. ಎಂಟು ವರ್ಷದ ಮಗಳು, "ಇವರು ಯಾರಮ್ಮ?" ಅಂದಳು. "ನಮ್ಮ ಮೇಷ್ಟ್ರು" ಅಂದಳು ಚಿಗುಸಾ. "ಯಾವ ಸ್ಕೂಲು?" ಎಂದು ಮಗು ಕೇಳಿದಾಗ ಎಲ್ಲರೂ ನಕ್ಕರು, ಶಿಕನಾಯ್ ಕೂಡ.

ಐದು ಗಂಟೆಯಾಗುತ್ತಲೇ ಅವನು ಕೂತಲ್ಲಿ ಕೂರಲಾರದೆ ಹೋದ. ಯೂಸಾಕು ನಗುತ್ತ, "ಬನ್ನಿ ಅಣ್ಣ, ತೋರಿಸ್ತೀನಿ" ಎಂದು ಕೊಟ್ಟಿಗೆಗೆ ಕರೆದೊಯ್ದ. ಹಳೆಯದನ್ನು ಕೆಡವಿ ದೊಡ್ಡ ಶೆಡ್ಡು ಕಟ್ಟಿದ್ದರು. ನೂರಿಪ್ಪತ್ತು ಹಸು, ಕೊರಳಿಗೆ ಹಗ್ಗವಿಲ್ಲ. ಬೇಕೆನಿಸಿದಾಗ ತಾವೇ ಗೂಡಿನೊಳಗೆ ನಡೆದು ಬರುತ್ತವೆ. ಯಂತ್ರದ ತೋಳು ಕೆಳಗಿಂದ ಬಂದು, ಮೊಲೆ ಹುಡುಕಿ, ತೊಳೆದು, ಹಾಲು ಕರೆದು ಬಿಡುತ್ತದೆ. ಯಾವ ಹಸು ಎಷ್ಟು ಕೊಟ್ಟಿತೆಂದು ಯೂಸಾಕುವಿನ ಫೋನಿಗೆ ಬರುತ್ತದೆ. "ಈಗ ಐದು ಗಂಟೆ ಅನ್ನೋದೇ ಇಲ್ಲ ಅಣ್ಣ. ಬದಲಿ ಆಳೂ ಬೇಡ" ಎಂದ. ಹೇಳಿದ ಮೇಲೆ ಅವನಿಗೇ ಮುಜುಗರವಾಯಿತು.

"ಚೆನ್ನಾಗಿದೆ," ಎಂದ ಶಿಕನಾಯ್. "ಒದೆಸಿಕೊಳ್ಳಲ್ಲ, ಬೆನ್ನು ನೋವು ಬರಲ್ಲ. ಬಹಳ ಚೆನ್ನಾಗಿದೆ." ನಿಜವಾಗಿಯೇ ಹೇಳುತ್ತಿದ್ದ. ಹತ್ತು ನಿಮಿಷ ನಿಂತು ನೋಡಿದ. ಹಸುಗಳು ಅವನ ಪಕ್ಕದಲ್ಲೇ ಹಾದುಹೋದವು.

ಹಿಂತಿರುಗುವಾಗ ಹಿಮ ಬೀಳುತ್ತಿತ್ತು. ಅವನ ಮನೆಯ ತಿರುವು ಬಂದಾಗ, "ಈಗಲೇ ಬೇಡ, ಸ್ನಾನದ ಮನೆ ಕಡೆ ಬಿಡು" ಅಂದ. ಊರವರೆಲ್ಲ ದುಡ್ಡು ಕೊಟ್ಟು ಮೀಯುವ ಜಾಗ ಅದು; ನಾನೂ ಇಳಿದೆ. ಹಬ್ಬದ ದಿನ, ದೊಡ್ಡ ತೊಟ್ಟಿಯಲ್ಲಿ ನಾವಿಬ್ಬರೇ. ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗಿ, ಬೆರಳುಗಳನ್ನು ನೀರಿನೊಳಗೇ ಒಂದೊಂದಾಗಿ ಬಿಡಿಸುತ್ತ ಕೂತಿದ್ದ.

"ನಾಳೆ ನಿಂಗೆ ಎಷ್ಟು ಮನೆ?" ಎಂದು ಕೇಳಿದ.

"ಹದಿಮೂರು."

"ಮೊದಲು ಇಪ್ಪತ್ತೊಂದಿತ್ತು ಅಲ್ವಾ?"

"ಹೂಂ. ಎಂಟು ಮನೆಯವರು ಬಿಟ್ಟುಹೋದ್ರು. ಹಾಲು ಮಾತ್ರ ಅಷ್ಟೇ ಇದೆ."

ಅವನು ಆ ಎಂಟು ಮನೆಗಳ ಹೆಸರು ಹೇಳತೊಡಗಿದ. ಹೆಸರಿನ ಜೊತೆಗೆ ಆ ಕೊಟ್ಟಿಗೆಯ ಬಾಗಿಲು ಯಾವ ಕಡೆ, ಬೀಗದ ಕೈ ಎಲ್ಲಿಡುತ್ತಿದ್ದರು, ಒದೆಯುವ ಹಸು ಎಷ್ಟನೆಯದು, ಎಲ್ಲ. ಏಳು ಹೇಳಿ ನಿಲ್ಲಿಸಿದ. ಎಂಟನೆಯದು ನನಗೂ ನೆನಪಾಗಲಿಲ್ಲ. ಬಹಳ ಹೊತ್ತು ಇಬ್ಬರೂ ಯೋಚಿಸುತ್ತ ನೀರಿನಲ್ಲೇ ಕೂತಿದ್ದೆವು, ಬಾಗಿಲು ಹಾಕುತ್ತೇನೆಂದು ಹೊರಗಿನಿಂದ ದುಡ್ಡು ಇಸಿದುಕೊಳ್ಳುವ ಅಜ್ಜಿ ಕೂಗುವವರೆಗೂ.